ಬೆಂಗಳೂರು–ಮಂಗಳೂರು ವಾಯುಮಾರ್ಗ
ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಮಂಗಳೂರಿನ ಬಜ್ಪೆ ನಿಲ್ದಾಣದೊಂದಿಗೆ ಜೋಡಿಸುವ ಮಾರ್ಗ. ಭೂಗೋಳದ ಮೇಲ್ಮೈಯಲ್ಲಿ ಎರಡು ಸ್ಥಳಗಳ ನಡುವಿನ ಅತಿ ಹ್ರಸ್ವ ರೇಖೆಯಾದ ಮಹಾವೃತ್ತದ ಲೆಕ್ಕದಲ್ಲಿ ಇವುಗಳ ಅಂತರ ಸುಮಾರು 305 ಕಿ.ಮೀ., ಅಂದರೆ ತಲಾ 1.852 ಕಿ.ಮೀ. ಉದ್ದದ ಸುಮಾರು 165 ನಾಟಿಕಲ್ ಮೈಲಿ. ವೇಳಾಪಟ್ಟಿ ತೋರಿಸುವ ಸುಮಾರು ಒಂದು ಗಂಟೆಯ ಅವಧಿಯು ವಿಮಾನವು ನಿಲುಗಡೆಯಿಂದ ಹೊರಟು ಮತ್ತೊಂದು ನಿಲುಗಡೆಯನ್ನು ಸೇರುವವರೆಗಿನದಾಗಿದ್ದು, ರನ್‌ವೇವರೆಗಿನ ಚಲನೆಯನ್ನೂ ಒಳಗೊಳ್ಳುವುದರಿಂದ ಹಾರಾಟದ ಕಾಲಕ್ಕಿಂತ ದೀರ್ಘವಾಗಿರುತ್ತದೆ. ಬಜ್ಪೆ ನಿಲ್ದಾಣವು 1951ರಲ್ಲಿ ಆರಂಭವಾಯಿತು. 2008ರಲ್ಲಿ ಬೆಂಗಳೂರಿನ ನಾಗರಿಕ ವಿಮಾನ ಸೇವೆಗಳು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡವು. ಮಾಲೂರು ತಾಲ್ಲೂಕಿನ ಲಕ್ಕೂರಿನಂಥ ಊರುಗಳ ಪ್ರಯಾಣಿಕರು ದೇವನಹಳ್ಳಿಯವರೆಗಿನ ರಸ್ತೆ ಪ್ರಯಾಣವನ್ನೂ, ತಪಾಸಣೆಯ ಅವಧಿಯನ್ನೂ ಕೂಡಿಸಿಕೊಂಡಾಗಲೇ ಒಟ್ಟು ಪ್ರಯಾಣಕಾಲ ತಿಳಿಯುತ್ತದೆ.