ಸಜೀಪದ ಸ್ಯಾಕ್ಸೋಫೋನ್‌ಗೆ ಜಾಝ್ ಲೋಕ ಕಿವಿಗೊಟ್ಟ ಕತೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಜಾತ್ರೆಗೋ ಮದುವೆಗೋ ಹೋದರೆ ಡೋಲಿನ ಪಕ್ಕದಲ್ಲಿ ಸ್ಯಾಕ್ಸೋಫೋನ್ ಕೇಳುವುದು ಈಗ ಮಾಮೂಲು. ನೇಮ ನಡೆಯುವಲ್ಲೂ ಅದರ ಸ್ವರ ಇರುತ್ತದೆ. ಮಕ್ಕಳಿಗಂತೂ ಅದು ನಮ್ಮೂರಿನದೇ ವಾದ್ಯ ಅನಿಸಿದರೆ ಆಶ್ಚರ್ಯವಿಲ್ಲ.

ಆದರೆ ಇದನ್ನು ಮಾಡಿದವರು ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್. 1846ರಲ್ಲಿ ಅವರಿಗೆ ಪ್ಯಾರಿಸ್‌ನಲ್ಲಿ ಪೇಟೆಂಟ್ ಸಿಕ್ಕಿತು. ಮೊದಲು ಮಿಲಿಟರಿ ಬ್ಯಾಂಡುಗಳಲ್ಲಿ ಊದುತ್ತಿದ್ದ ವಾದ್ಯ, ಮುಂದೆ ಅಮೆರಿಕದ ಕಪ್ಪು ಜನರು ಕಟ್ಟಿದ ಜಾಝ್ ಸಂಗೀತದ ಮುಖ್ಯ ದನಿಯಾಯಿತು. ಅದನ್ನು ಕರ್ನಾಟಕ ಸಂಗೀತದ ಕಛೇರಿಯಲ್ಲಿ ಗಟ್ಟಿಯಾಗಿ ಕೂರಿಸಿದವರು ನಮ್ಮ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್.

1949ರ ಡಿಸೆಂಬರ್ 6ರಂದು ಹುಟ್ಟಿದ ಅವರಿಗೆ ಮೊದಲ ಪಾಠ ಮನೆಯಲ್ಲೇ. ತಂದೆ ತನಿಯಪ್ಪ ನಾಗಸ್ವರ ವಾದಕರು. ಆದರೆ ಹುಡುಗನ ಮನಸ್ಸು ಹೋದದ್ದು ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿನ ಮೇಲೆ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ವಾದ್ಯ ಪೂರ್ತಿ ಕೈವಶವಾಗಲು ಸುಮಾರು 20 ವರ್ಷ ಬೇಕಾಯಿತು.

ಯಾಕೆ ಅಷ್ಟು ವರ್ಷ? ನಾಗಸ್ವರದಲ್ಲಿ ಬೆರಳು ನೇರವಾಗಿ ತೂತಿನ ಮೇಲೆ ಕೂರುತ್ತದೆ. ಅರ್ಧ ಮುಚ್ಚಿ, ಮೆಲ್ಲನೆ ತೆರೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳು ಒತ್ತುವುದು ಕೀಲಿಯನ್ನು. ಕೀಲಿ ತೂತನ್ನು ಮುಚ್ಚುತ್ತದೆ, ಇಲ್ಲವೇ ತೆರೆಯುತ್ತದೆ. ಸ್ವರವನ್ನು ತೂಗಿಸುವ, ಜಾರಿಸುವ ಗಮಕಕ್ಕೆ ಅಲ್ಲಿ ಸುಲಭದ ದಾರಿ ಇಲ್ಲ. ಗಮಕವಿಲ್ಲದೆ ನಮ್ಮ ರಾಗ ನಿಲ್ಲುವುದಿಲ್ಲ. ಗೋಪಾಲನಾಥರು ತುಟಿ ಮತ್ತು ಉಸಿರಿನ ಹಿಡಿತದಿಂದ, ಕೀಲಿಗಳಲ್ಲೇ ಕೆಲವು ಬದಲಾವಣೆ ಮಾಡಿಕೊಂಡು ಈ ಗಂಟನ್ನು ಬಿಡಿಸಿದರು.

ಈ ಸಾಧನೆ ಮೊದಲು ತಟ್ಟಿದವರಲ್ಲಿ ಜಾಝ್ ವಾದಕರೂ ಇದ್ದರು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವಕ್ಕೆ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಬಂದಿದ್ದರು. ಸರೋದ್‌ನ ಅಲಿ ಅಕ್ಬರ್ ಖಾನ್ ಜತೆ ಅದಾಗಲೇ ಧ್ವನಿಮುದ್ರಣ ಮಾಡಿದ್ದವರು ಅವರು. ಗೋಪಾಲನಾಥರನ್ನು ಕೇಳಿ, ತಾವೂ ಜತೆಗೆ ನುಡಿಸಬಹುದೇ ಎಂದು ವೇದಿಕೆ ಹತ್ತಿದರು. ಆಮೇಲೆ ಪ್ರಾಗ್, ಬರ್ಲಿನ್‌ಗಳ ಜಾಝ್ ಉತ್ಸವಗಳಿಂದ ಕರೆ ಬಂತು. ಕೊಳಲು ವಾದಕ ಜೇಮ್ಸ್ ನ್ಯೂಟನ್ ಜತೆ ‘ಸದರ್ನ್ ಬ್ರದರ್ಸ್’ ಎಂಬ ಆಲ್ಬಂ ಬಂತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದ ಮೊದಲ ಕರ್ನಾಟಕ ಸಂಗೀತಗಾರರೂ ಇವರೇ.

ಎಲ್ಲಕ್ಕಿಂತ ಕುತೂಹಲದ್ದು 2008ರ ‘ಕಿನ್ಸ್‌ಮೆನ್’ ಆಲ್ಬಂ. ಅಮೆರಿಕದಲ್ಲಿ ಬೆಳೆದ ಭಾರತ ಮೂಲದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರಿಗೆ ಅಣ್ಣ ಒಮ್ಮೆ ತಮಾಷೆಗೆಂದು ಗೋಪಾಲನಾಥರ ಆಲ್ಬಂ ಒಂದನ್ನು ಕೊಟ್ಟಿದ್ದರಂತೆ. ಕೇಳಿದ ಮೇಲೆ ತಮಾಷೆ ಹೋಗಿ ಬೆರಗು ಉಳಿಯಿತು. ವರ್ಷಗಳ ನಂತರ ಇಬ್ಬರೂ ಒಟ್ಟಿಗೆ ನುಡಿಸಿದರು.

ಜಾಝ್‌ನಲ್ಲಿ ಹಿಂದಿನ ಸ್ವರಗುಚ್ಛ ಬದಲಾಗುತ್ತ ಹೋಗುತ್ತದೆ. ನಮ್ಮಲ್ಲಿ ಶ್ರುತಿ ಕದಲುವುದಿಲ್ಲ, ರಾಗ ಅದರ ಮೇಲೆಯೇ ಬೆಳೆಯಬೇಕು. ಗೋಪಾಲನಾಥರು ಜಾಝ್ ವಾದಕರಾಗಲು ಹೋಗಲಿಲ್ಲ. ತಮ್ಮ ರಾಗದ ಮೇಲೆ ನಿಂತೇ ಅವರೊಡನೆ ಮಾತಾಡಿದರು. ಅವರಿಗೆ ಸಿಕ್ಕಿದ ಗೌರವಕ್ಕೆ ಕಾರಣವೂ ಅದೇ ಎಂದು ನನಗನಿಸುತ್ತದೆ.

ಆ ಆಲ್ಬಂನಲ್ಲಿ ಇನ್ನೊಂದು ಗಮನಿಸಬೇಕಾದ ಸಂಗತಿ ಇದೆ. ಪಿಟೀಲು ಎ. ಕನ್ಯಾಕುಮಾರಿ, ಗಿಟಾರ್ ರೆಜ್ ಅಬ್ಬಾಸಿ, ಮೃದಂಗ ಪೂವಾಲೂರು ಶ್ರೀಜಿ, ಬಾಸ್ ಕಾರ್ಲೊ ಡಿ ರೋಸಾ, ಡ್ರಮ್ಸ್ ರಾಯಲ್ ಹಾರ್ಟಿಗನ್. ಪಕ್ಕವಾದ್ಯದವರ ಹೆಸರೂ ಬಿಟ್ಟುಹೋಗಿಲ್ಲ. ಜಾಝ್ ಲೋಕದಲ್ಲಿ ಇದು ಹಳೇ ರೂಢಿ. 60–70 ವರ್ಷ ಹಿಂದಿನ ಒಂದು ರೆಕಾರ್ಡಿನಲ್ಲಿ ಗಿಟಾರ್ ಹಿಡಿದವರು ಯಾರು ಎಂದು ಇವತ್ತೂ ಹೇಳಬಹುದು. ಅದರಿಂದಲೇ ಅವರ ಚರಿತ್ರೆ ಬರೆಯಲು ಸಾಧ್ಯವಾಯಿತು.

ನಮ್ಮಲ್ಲಿ? 1994ರ ತಮಿಳು ಸಿನೆಮಾ ‘ಡ್ಯುಯೆಟ್’ನಲ್ಲಿ, ಎ.ಆರ್. ರೆಹಮಾನ್ ಸಂಗೀತದಲ್ಲಿ, ತೆರೆಯ ಮೇಲೆ ಸ್ಯಾಕ್ಸೋಫೋನ್ ಹಿಡಿದದ್ದು ಪ್ರಭು, ಊದಿದ್ದು ಗೋಪಾಲನಾಥ್. ಅವರು ದೊಡ್ಡವರು, ಹೆಸರು ಉಳಿಯಿತು. 2004ರಲ್ಲಿ ಪದ್ಮಶ್ರೀಯೂ ಬಂತು. 2019ರ ಅಕ್ಟೋಬರ್ 11ರಂದು ಅವರು ತೀರಿಕೊಂಡಾಗ ಪತ್ರಿಕೆಗಳು ಬರೆದವು.

ಆದರೆ ರಾತ್ರಿಯಿಡೀ ಬಲಿ ಉತ್ಸವದಲ್ಲಿ ದೇವರ ಮುಂದೆ ನಡೆಯುತ್ತ ಊದುವವರು, ಡೋಲು ಬಾರಿಸುವವರು ಎಷ್ಟು ಮಂದಿ! ಆಮಂತ್ರಣ ಪತ್ರಿಕೆಯಲ್ಲಿ ಅನ್ನದಾನ ಮಾಡಿದವರ ಹೆಸರಿರುತ್ತದೆ, ಶಾಮಿಯಾನದವರ ಹೆಸರೂ ಇರುತ್ತದೆ. ಊದಿದವರದ್ದು ಹೆಚ್ಚಿನ ಸಲ ‘ವಾದ್ಯದವರು’ ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತದೆ. ನಾಳೆ ಈ ಕಲೆಯ ಕತೆ ಬರೆಯ ಹೊರಟವರಿಗೆ ಏನು ಸಿಗುತ್ತದೆ?

ಇದಕ್ಕೆ ದೊಡ್ಡ ಸಂಸ್ಥೆ ಬೇಡ, ಕೈಯಲ್ಲಿರುವ ಫೋನು ಸಾಕು. ಮುಂದಿನ ಜಾತ್ರೆಯಲ್ಲಿ ವಿಡಿಯೊ ಮಾಡುವಾಗ ಊದಿದವರ ಹೆಸರು, ಅವರ ಊರು, ಕಲಿಸಿದ ಗುರು, ದಿನಾಂಕ, ಇಷ್ಟನ್ನು ಅವರನ್ನೇ ಕೇಳಿ ವಿಡಿಯೊದ ಕೆಳಗೆ ಬರೆಯಿರಿ. ಡೋಲಿನವರನ್ನು ಮರೆಯಬೇಡಿ.