ಹತ್ತು ವರ್ಷದ ಹುಡುಗನಿಗೆ ಕೊಂಡ ಅರಮನೆ

ಇಷ್ಟು ವರ್ಷ ಬೆಂಗಳೂರಲ್ಲಿದ್ದೂ ಅರಮನೆ ಮೈದಾನಕ್ಕೆ ಎಕ್ಸಿಬಿಷನ್ನು, ಮದುವೆ ಊಟ ಅಂತ ಹೋಗಿದ್ದೆನೇ ಹೊರತು ಅರಮನೆಯೊಳಗೆ ಕಾಲಿಟ್ಟಿರಲಿಲ್ಲ. ಮೊನ್ನೆ ಶನಿವಾರ ವೈಟ್‌ಫೀಲ್ಡಿನಿಂದ ಮೆಟ್ರೋ ಹತ್ತಿ, ಆಮೇಲೆ ಆಟೋ ಹಿಡಿದು ಅಂತೂ ಹೋಗಿಬಂದೆ.

ಮಹಡಿಯ ಮೇಲೆ ದರ್ಬಾರ್ ಹಾಲ್, ಬಣ್ಣದ ಗಾಜಿನ ಕಿಟಕಿಗಳು, ಹಳೇ ಸೋಫಾಗಳು, ಗೋಡೆ ತುಂಬಾ ಚಿತ್ರಪಟಗಳು. ಆನೆಯ ಪಾದದಿಂದ ಮಾಡಿದ ಸ್ಟೂಲು ನೋಡಿ ಮಾತ್ರ ಹೊಟ್ಟೆ ತೊಳಸಿದಂತಾಯ್ತು. ಎಷ್ಟು ನೋಡಿದರೂ ನಮ್ಮ ಮೈಸೂರಿನವರ ಮನೆ ಅನ್ನಿಸಲೇ ಇಲ್ಲ...

ಅದಕ್ಕೆ ಕಾರಣವೂ ಇದೆ. 1831ರಿಂದ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. 1868ರಲ್ಲಿ ಪಟ್ಟಕ್ಕೆ ಬಂದ ಚಾಮರಾಜೇಂದ್ರ ಒಡೆಯರಿಗೆ ಆಗಿನ್ನೂ ಐದು ವರ್ಷ. 1873ರಲ್ಲಿ ಅವರ ಬ್ರಿಟಿಷ್ ಪಾಲಕರು ಸೆಂಟ್ರಲ್ ಹೈಸ್ಕೂಲಿನ ಪ್ರಿನ್ಸಿಪಾಲರಾಗಿದ್ದ ರೆವರೆಂಡ್ ಗ್ಯಾರೆಟ್ ಅವರಿಂದ ಈ ಆಸ್ತಿಯನ್ನು 40,000 ರೂಪಾಯಿಗೆ ಕೊಂಡರು. ದುಡ್ಡು ಆ ಹತ್ತು ವರ್ಷದ ಹುಡುಗನದು, ಆಯ್ಕೆ ದೊಡ್ಡವರದು!

ಆಡಳಿತ ಅವರ ಕೈಗೆ ಬಂದದ್ದು 1881ರಲ್ಲಿ. ಮರುವರ್ಷವೇ ಆಂಗ್ಲೋ ಇಂಡಿಯನ್ನರು ನೆಲೆಯೂರಲಿ ಅಂತ ಅವರ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಆ ಸಂಘದ ಡಿ. ಎಸ್. ವೈಟ್ ಅವರ ಹೆಸರು ಹೊತ್ತ ಊರೇ ನಮ್ಮ ವೈಟ್‌ಫೀಲ್ಡ್. 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಒಡೆಯರಿಗೆ ಬರೀ 31 ವರ್ಷ, ನನಗಿಂತ ಎರಡೇ ವರ್ಷ ಹೆಚ್ಚು.

ನಾನಿರುವುದೂ ಫರ್ನಿಶ್ಡ್ ಬಾಡಿಗೆ ಮನೆ, ಒಂದು ಕುರ್ಚಿಯೂ ನಾನು ಆರಿಸಿದ್ದಲ್ಲ. ಅರಮನೆಯ ಕೋಣೆಗಳಲ್ಲಿ ನನಗೆ ಆ ಹುಡುಗ ಸಿಗಲಿಲ್ಲ. ರಾತ್ರಿ ವಾಪಸ್ ಬಂದು ವೈಟ್‌ಫೀಲ್ಡಿನಲ್ಲಿ ಇಳಿದಾಗ, ಅವರು ಸ್ವಂತ ಮನಸ್ಸಿನಿಂದ ಕೊಟ್ಟದ್ದು ಈ ಮಣ್ಣು ಅನ್ನಿಸಿತು.