‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’: ನಕಲಿ ಆಂಟಿವೈರಸ್ ಗುರುತಿಸುವುದು, ಕಿತ್ತುಹಾಕುವುದು ಹೇಗೆ?

ಮಗಳ ಶಾಲೆಯ ಪ್ರಾಜೆಕ್ಟಿಗೆ ಚಿತ್ರ ಹುಡುಕಲೆಂದು ಬ್ರೌಸರ್ ತೆರೆದಿರುತ್ತೀರಿ. ಇದ್ದಕ್ಕಿದ್ದಂತೆ ಪರದೆ ಕೆಂಪಾಗುತ್ತದೆ, ಸೈರನ್ ಕೂಗುತ್ತದೆ. ‘ಸ್ಕ್ಯಾನ್ ನಡೆಯುತ್ತಿದೆ’ ಎಂಬ ಪಟ್ಟಿ ಸರಸರನೆ ಓಡಿ, ಹತ್ತೇ ಸೆಕೆಂಡಿನಲ್ಲಿ ನಿಮ್ಮ ಕಂಪ್ಯೂಟರ್‌ನಲ್ಲಿ ನೂರಾರು ವೈರಸ್‌ಗಳಿವೆ ಎಂದು ಘೋಷಿಸುತ್ತದೆ. ಪರಿಹಾರವೂ ಅಲ್ಲೇ ಸಿದ್ಧ. ಒಂದು ಡೌನ್‌ಲೋಡ್ ಬಟನ್, ಇಲ್ಲವೇ ಒಂದು ಫೋನ್ ನಂಬರ್.

ಇದು ಹೊಸ ಆಟವೇನಲ್ಲ. ವಿನ್‌ಫಿಕ್ಸರ್, ಎಕ್ಸ್‌ಪಿ ಆಂಟಿವೈರಸ್ ಮುಂತಾದ ಹೆಸರಿನ ನಕಲಿ ತಂತ್ರಾಂಶಗಳನ್ನು ಮಾರುತ್ತಿದ್ದ ಜಾಲದ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರ್‌ನಲ್ಲೇ ಕೋರ್ಟ್ ಮೆಟ್ಟಿಲೇರಿತ್ತು. 10 ಲಕ್ಷಕ್ಕೂ ಹೆಚ್ಚು ಗ್ರಾಹಕರು ಮೋಸ ಹೋಗಿದ್ದಾರೆ ಎಂಬುದು ಅದರ ಆರೋಪವಾಗಿತ್ತು. ತಲಾ 40 ಡಾಲರ್ ಆಸುಪಾಸು ಕೊಟ್ಟು ಅವರು ಕೊಂಡದ್ದು ಇಲ್ಲದ ವೈರಸ್‌ಗೆ ಕೆಲಸಕ್ಕೆ ಬಾರದ ಔಷಧಿ! 2011ರಲ್ಲಿ ‘ಮ್ಯಾಕ್ ಡಿಫೆಂಡರ್’ ಆಪಲ್ ಕಂಪ್ಯೂಟರ್‌ಗಳನ್ನೂ ಕಾಡಿತು. ಅದನ್ನು ತೆಗೆಯಲು ಆಪಲ್ ಪ್ರತ್ಯೇಕ ಅಪ್‌ಡೇಟ್ ಹೊರಡಿಸಬೇಕಾಯಿತು.

ಈಗ ಡೌನ್‌ಲೋಡ್‌ಗಿಂತ ಫೋನ್ ನಂಬರ್‌ನ ಹಾವಳಿ ಹೆಚ್ಚು. ಕರೆ ಮಾಡಿದರೆ ‘ಟೆಕ್ನಿಷಿಯನ್’ ಒಬ್ಬ ರಿಮೋಟ್ ಆ್ಯಪ್ ಹಾಕಿಸಿ ಕಂಪ್ಯೂಟರನ್ನೇ ತನ್ನ ಕೈಗೆ ತೆಗೆದುಕೊಳ್ಳುತ್ತಾನೆ. ಇಂಥ ಕಾಲ್ ಸೆಂಟರ್‌ಗಳು ನಮ್ಮ ದೇಶದಲ್ಲೂ ಇವೆ. 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ 76 ಕಡೆ ದಾಳಿ ನಡೆಸಿದಾಗ, ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟಿದ್ದ ದೂರುಗಳೂ ಅದರಲ್ಲಿದ್ದವು.

ಗುರುತು ಹಿಡಿಯುವುದು

ಮೊದಲು ತಿಳಿಯಬೇಕಾದ ಸಂಗತಿ: ಯಾವ ವೆಬ್ ಪುಟವೂ ನಿಮ್ಮ ಹಾರ್ಡ್ ಡಿಸ್ಕನ್ನು ತಾನಾಗಿಯೇ ಸ್ಕ್ಯಾನ್ ಮಾಡಲಾರದು. ಬ್ರೌಸರ್‌ನೊಳಗೆ ಕಾಣುವ ‘ಸ್ಕ್ಯಾನ್’ ಬರೀ ಅನಿಮೇಷನ್. ಸಿ ಡ್ರೈವ್ ಎಂಬುದೇ ಇಲ್ಲದ ಮ್ಯಾಕ್‌ನಲ್ಲೂ ಕೆಲವು ಪುಟಗಳು ‘ಸಿ ಡ್ರೈವ್‌ನಲ್ಲಿ ವೈರಸ್’ ಎಂದು ತೋರಿಸಿ ನಗೆಪಾಟಲಾದದ್ದುಂಟು. ನಿಜವಾದ ಪೂರ್ಣ ಸ್ಕ್ಯಾನ್‌ಗೆ ಬಹಳಷ್ಟು ಹೊತ್ತು ಬೇಕು. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ.

ಹೆಸರು ನೋಡಿ ನಂಬುವಂತಿಲ್ಲ. ಮೈಕ್ರೋಸಾಫ್ಟ್ ತನ್ನ ಉಚಿತ ‘ಸೆಕ್ಯುರಿಟಿ ಎಸೆನ್ಷಿಯಲ್ಸ್’ ಬಿಟ್ಟ ಕೆಲವೇ ತಿಂಗಳಲ್ಲಿ ‘ಸೆಕ್ಯುರಿಟಿ ಎಸೆನ್ಷಿಯಲ್ಸ್ 2010’ ಎಂಬ ನಕಲಿ ಬಂದಿತ್ತು. ನೀವು ಹಾಕಿಕೊಂಡ ನೆನಪಿಲ್ಲದ ತಂತ್ರಾಂಶ, ಹಣ ಕೊಟ್ಟರಷ್ಟೇ ‘ಸ್ವಚ್ಛ’ ಮಾಡುವ ಒತ್ತಾಯ, ಟಾಸ್ಕ್ ಮ್ಯಾನೇಜರ್ ತೆರೆಯಲು ಹೋದರೆ ಅದಕ್ಕೂ ವೈರಸ್ ತಗುಲಿದೆ ಎಂಬ ಸಬೂಬು ಕಂಡರೆ ಅನುಮಾನವೇ ಬೇಡ.

ಕಿತ್ತುಹಾಕುವುದು

ಕಂಡದ್ದು ಬರೀ ವೆಬ್ ಪುಟವಾಗಿದ್ದರೆ ಕೆಲಸ ಸುಲಭ. ಅದರೊಳಗಿನ ‘ಕ್ಯಾನ್ಸಲ್’ ಅಥವಾ ಇಂಟು ಗುರುತನ್ನು ಒತ್ತಬೇಡಿ, ಅದೂ ಬಲೆಯೇ ಇರಬಹುದು. ಪರದೆ ಪೂರ್ತಿ ಆವರಿಸಿದ್ದರೆ ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಆಗಲೂ ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಆರಿಸಿ ‘ಎಂಡ್ ಟಾಸ್ಕ್’ ಕೊಡಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ‘ರಿಸ್ಟೋರ್’ ಮಾಡಬೇಡಿ.

ಪರದೆಯ ಮೂಲೆಯಲ್ಲಿ ಪದೇ ಪದೇ ‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ’ ಎಂದು ಬರುತ್ತಿದೆಯೇ? ಎಂದೋ ಯಾವುದೋ ಸೈಟಿಗೆ ‘ಅಲೋ’ ಒತ್ತಿರುವ ಸಾಧ್ಯತೆಯೇ ಹೆಚ್ಚು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ಎಂದು ಹೋಗಿ ಅಪರಿಚಿತ ಸೈಟ್‌ಗಳನ್ನೆಲ್ಲ ತೆಗೆದುಹಾಕಿದರೆ ಮುಗಿಯಿತು.

ನಕಲಿ ತಂತ್ರಾಂಶ ಇನ್‌ಸ್ಟಾಲ್ ಆಗಿಯೇಬಿಟ್ಟಿದ್ದರೆ ಸ್ವಲ್ಪ ತಾಳ್ಮೆ ಬೇಕು. ಮೊದಲು ಇಂಟರ್‌ನೆಟ್ ಕಡಿದುಹಾಕಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ, ಇತ್ತೀಚೆಗೆ ಬಂದ ಅಪರಿಚಿತನನ್ನು ಅನ್‌ಇನ್‌ಸ್ಟಾಲ್ ಮಾಡಿ. ಜಗ್ಗದಿದ್ದರೆ ಶಿಫ್ಟ್ ಒತ್ತಿ ಹಿಡಿದು ರಿಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಸೇಫ್ ಮೋಡ್‌ಗೆ ಹೋಗಿ ಅಲ್ಲಿಂದ ಪ್ರಯತ್ನಿಸಿ. ಆಗ ವಿಂಡೋಸ್‌ಗೆ ಅತ್ಯಗತ್ಯವಾದವು ಮಾತ್ರ ಚಾಲೂ ಆಗುವುದರಿಂದ ನಕಲಿಯ ಆಟ ಸಾಮಾನ್ಯವಾಗಿ ನಡೆಯದು. ಬಿಟ್‌ಲಾಕರ್ ರಿಕವರಿ ಕೀ ಕೇಳಿದರೆ ಗಾಬರಿ ಬೇಡ. ಅದು ಬಹುತೇಕ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ.

ನಂತರ ಮಾಮೂಲಿ ಸ್ಥಿತಿಗೆ ಮರಳಿ, ಇಂಟರ್‌ನೆಟ್ ಜೋಡಿಸಿ. ವಿಂಡೋಸ್ ಸೆಕ್ಯುರಿಟಿ ತೆರೆದು ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ‘ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಆರಿಸಿ. ಕಂಪ್ಯೂಟರ್ ರಿಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕಾಟ ನಡೆಯುವುದರಿಂದ ಅವಿತುಕೊಳ್ಳುವ ಕುತಂತ್ರಾಂಶಕ್ಕೆ ಇದು ತಕ್ಕ ಉಪಾಯ. 15 ನಿಮಿಷ ಸಾಕು. ಎರಡನೇ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಇದೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಉಚಿತ ಸಾಧನಗಳು ಸಿಗುತ್ತವೆ. ಕೊನೆಗೆ ಡಿಫೆಂಡರ್ ಆನ್ ಆಗಿದೆಯೇ, ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ನೀವು ಹಾಕದ ಪ್ರಾಕ್ಸಿ ಸೇರಿಕೊಂಡಿದೆಯೇ ಎಂದು ನೋಡಲು ಮರೆಯಬೇಡಿ.

ಹಣ ಕೊಟ್ಟಾಗಿದ್ದರೆ?

ಆಗ ಕಂಪ್ಯೂಟರ್ ಆಮೇಲೆ, ಬ್ಯಾಂಕ್ ಮೊದಲು. ಕಾರ್ಡ್ ಬ್ಲಾಕ್ ಮಾಡಿಸಿ. ಅನಧಿಕೃತ ವಹಿವಾಟಿನ ದೂರು ಕೊಟ್ಟ ನಂತರ ಆಗುವ ನಷ್ಟವನ್ನು ಬ್ಯಾಂಕೇ ಭರಿಸಬೇಕು ಎಂದು ಆರ್‌ಬಿಐನ 2017ರ ಸುತ್ತೋಲೆ ಹೇಳುತ್ತದೆ. ಹೀಗಾಗಿ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಜೊತೆಗೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮುಂಬೈ, ಪುಣೆ, ದೆಹಲಿ, ಯಾವ ಊರಲ್ಲಿದ್ದರೂ ಇದೇ ನಂಬರ್.

ಕಂಪ್ಯೂಟರ್ ಅಪರಿಚಿತನ ಕೈಗೆ ಹೋಗಿದ್ದರೆ ರಿಮೋಟ್ ಆ್ಯಪ್ ತೆಗೆದರಷ್ಟೇ ಸಾಲದು. ಆತ ಇನ್ನೇನು ಬಿಟ್ಟುಹೋಗಿದ್ದಾನೋ ಹೇಳಲಾಗದು. ಫೋಟೊ, ದಾಖಲೆಗಳನ್ನು ಪೆನ್‌ಡ್ರೈವ್‌ಗೆ ತೆಗೆದುಕೊಂಡು ‘ರಿಸೆಟ್ ದಿಸ್ ಪಿಸಿ’ ಮಾಡುವುದೇ ವಾಸಿ. ಈಮೇಲ್, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್‌ಗಳನ್ನು ಬದಲಿಸುವಾಗ ಅದೇ ಕಂಪ್ಯೂಟರ್ ಬಳಸದೆ ಮೊಬೈಲ್‌ನಿಂದಲೋ ಬೇರೆ ಕಂಪ್ಯೂಟರ್‌ನಿಂದಲೋ ಮಾಡಿ. ಕೆಲ ದಿನಗಳ ಬಳಿಕ ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ’ ಎಂದು ಯಾರಾದರೂ ಕರೆ ಮಾಡಿದರೆ ಫೋನ್ ಇಟ್ಟುಬಿಡಿ. ಒಮ್ಮೆ ಮೋಸಹೋದವರ ನಂಬರ್‌ಗಳನ್ನೇ ಹುಡುಕಿಕೊಂಡು ಬರುವ ಎರಡನೇ ಸುತ್ತಿನ ವಂಚನೆ ಅದು.